ಎಫ್‌ಎಕ್ಸ್3: ಸ್ಥಿರಚಿತ್ರಕ್ಕಲ್ಲ, ಚಲನಚಿತ್ರಕ್ಕೆ

ಕ್ಯಾಮೆರಾ ಕೊಳ್ಳಲು ಹೋದವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, 'ಎಷ್ಟು ಮೆಗಾಪಿಕ್ಸೆಲ್?' ಎಂಬುದು. ಈ ಒಂದೇ ಅಳತೆಗೋಲು ಹಿಡಿದರೆ ಸೋನಿ ಕಂಪನಿಯ ಎಫ್‌ಎಕ್ಸ್3 ಆರಂಭದಲ್ಲೇ ಸೋಲುತ್ತದೆ. 2021ರ ಫೆಬ್ರುವರಿಯಲ್ಲಿ 3,899 ಡಾಲರ್ ಬೆಲೆಯೊಂದಿಗೆ ಪ್ರಕಟವಾದ ಈ ಮಿರರ್‌ಲೆಸ್ ಕ್ಯಾಮೆರಾದಲ್ಲಿರುವುದು 12.1 ಮೆಗಾಪಿಕ್ಸೆಲ್ ಮಾತ್ರ. ಆದರೂ ಸುಮಾರು 8 ಕೋಟಿ ಡಾಲರ್ ವೆಚ್ಚದ ಹಾಲಿವುಡ್ ಚಿತ್ರ 'ದಿ ಕ್ರಿಯೇಟರ್' 2023ರಲ್ಲಿ ತೆರೆಗೆ ಬಂದಾಗ, ಅದರ ಬಹುಭಾಗ ಚಿತ್ರೀಕರಣಗೊಂಡಿದ್ದು ಇದೇ ಕ್ಯಾಮೆರಾದಲ್ಲಿ. ಈ ವೈರುಧ್ಯದ ಕಾರಣ ತಿಳಿದರೆ, ವಿಡಿಯೋಗೆಂದೇ ರೂಪಿಸಿದ ಕ್ಯಾಮೆರಾವನ್ನು ಅಳೆಯುವ ಬಗೆಯೂ ತಿಳಿಯುತ್ತದೆ.

ಕಡಿಮೆಯೇ ಲಾಭ

4ಕೆ ವಿಡಿಯೋದ ಒಂದು ಫ್ರೇಮ್‌ಗೆ ಬೇಕಿರುವುದು ಅಡ್ಡಕ್ಕೆ 3840, ಲಂಬಕ್ಕೆ 2160 ಬಿಂದುಗಳು. ಅಂದರೆ ಒಟ್ಟು ಸುಮಾರು 83 ಲಕ್ಷ. ಅದಕ್ಕೆ 12 ಮೆಗಾಪಿಕ್ಸೆಲ್ ಧಾರಾಳವಾಗಿ ಸಾಕು. ಬಿಂದುಗಳ ಸಂಖ್ಯೆ ಕಡಿಮೆ ಇರುವುದರಿಂದ ಸೆನ್ಸರ್‌ನ ಮಾಹಿತಿಯನ್ನು ಬೇಗ ಓದಲು ಸಾಧ್ಯ. ಕ್ಯಾಮೆರಾವನ್ನು ರಭಸದಿಂದ ತಿರುಗಿಸಿದಾಗ ಕಂಬಗಳು ವಾಲಿದಂತೆ ಕಾಣುವ ದೋಷ ಇದರಿಂದ ತಗ್ಗುತ್ತದೆ. ಸೆಕೆಂಡಿಗೆ 120 ಫ್ರೇಮ್ ವೇಗದಲ್ಲಿ 4ಕೆ ದಾಖಲಿಸುವ ಶಕ್ತಿಯೂ ಇದಕ್ಕಿದೆ. ಮಂದ ಬೆಳಕಿನಲ್ಲಿಯೂ ಚಿತ್ರ ಸ್ವಚ್ಛವಾಗಿರುತ್ತದೆ. ಆದರೆ ಫೋಟೋಗಳನ್ನು ಭಾರಿ ಗಾತ್ರಕ್ಕೆ ಹಿಗ್ಗಿಸಿ ಮುದ್ರಿಸುವವರಿಗೆ ಇದು ಹೇಳಿಸಿದ್ದಲ್ಲ.

ಬಿಸಿಯೇ ಶತ್ರು

ಫೋಟೋ ತೆಗೆಯುವುದು ಕ್ಷಣಮಾತ್ರದ ಕೆಲಸ. ವಿಡಿಯೋದಲ್ಲಾದರೋ ಸೆನ್ಸರ್ ಮತ್ತು ಪ್ರೊಸೆಸರ್‌ಗಳಿಗೆ ಬಿಡುವೇ ಇರುವುದಿಲ್ಲ. ಬಿಸಿ ಮಿತಿಮೀರಿದಾಗ ಹಲವು ಮಿರರ್‌ಲೆಸ್ ಕ್ಯಾಮೆರಾಗಳು ತಾವಾಗಿಯೇ ಸ್ಥಗಿತಗೊಳ್ಳುತ್ತವೆ. ಮದುವೆಯ ಧಾರೆ, ನಾಟಕದ ಪ್ರಯೋಗ, ಗಣ್ಯರ ಸಂದರ್ಶನ ಇವಾವುವೂ ಕ್ಯಾಮೆರಾ ತಣ್ಣಗಾಗುವವರೆಗೆ ಕಾಯುವುದಿಲ್ಲ. ಒಮ್ಮೆ ತಪ್ಪಿದ ದೃಶ್ಯ ಮತ್ತೆ ದೊರೆಯದು. ಹೋಗುವುದು ಛಾಯಾಗ್ರಾಹಕನ ಹೆಸರು, ಅದರೊಂದಿಗೆ ಮುಂದಿನ ಕೆಲಸ.

ಎಫ್‌ಎಕ್ಸ್3ರ ಒಡಲಲ್ಲಿ ಪುಟ್ಟ ಫ್ಯಾನ್ ಅಳವಡಿಸಿರುವುದು ಈ ಕಾರಣಕ್ಕೇ. ಎರಡು ಕಾರ್ಡ್‌ಗಳಲ್ಲಿ ಏಕಕಾಲಕ್ಕೆ ದಾಖಲಿಸುವ ಸೌಲಭ್ಯವೂ ಇರುವುದರಿಂದ, ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ. 2023ರಲ್ಲಿ ಅದೇ ಕಂಪನಿ ಹೊರತಂದ ಝಡ್‌ವಿ-ಇ1 ಕೂಡ 12.1 ಮೆಗಾಪಿಕ್ಸೆಲ್‌ನದೇ. ಅದು ಹಗುರ, ಬೆಲೆಯೂ ಕಡಿಮೆ. ಆದರೆ ಫ್ಯಾನ್ ಇಲ್ಲ, ಕಾರ್ಡ್‌ಗೆ ಇರುವುದು ಒಂದೇ ಜಾಗ.

ಬಣ್ಣದ ಲೆಕ್ಕ

8 ಬಿಟ್ ವಿಡಿಯೋದಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ತಲಾ 256 ಮಟ್ಟಗಳಿದ್ದರೆ, 10 ಬಿಟ್‌ನಲ್ಲಿ ತಲಾ 1024. ಮೊದಲನೆಯದರಲ್ಲಿ ಒಟ್ಟು ಸುಮಾರು 1.67 ಕೋಟಿ ವರ್ಣಛಾಯೆಗಳಾದರೆ, ಎರಡನೆಯದರಲ್ಲಿ 107 ಕೋಟಿ. ಸಂಕಲನದ ವೇಳೆ ಬಣ್ಣ ತಿದ್ದುವಾಗ ಸಂಜೆಯ ಆಕಾಶ ಪಟ್ಟೆಪಟ್ಟೆಯಾಗಿ ಒಡೆಯದಂತೆ ಕಾಯುವುದು ಈ ವ್ಯತ್ಯಾಸವೇ. ಎಫ್‌ಎಕ್ಸ್3 ತನ್ನೊಳಗಿನ ಕಾರ್ಡ್‌ನಲ್ಲೇ 10 ಬಿಟ್ ದಾಖಲಿಸುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಸೆಕೆಂಡಿಗೆ 25 ಫ್ರೇಮ್‌ನ 4ಕೆ ವಿಡಿಯೋವನ್ನು ಇದರ ಅತ್ಯುತ್ತಮ ಗುಣಮಟ್ಟದಲ್ಲಿ ದಾಖಲಿಸಿದರೆ ಸೆಕೆಂಡಿಗೆ 250 ಮೆಗಾಬಿಟ್ ಮಾಹಿತಿ ಹರಿಯುತ್ತದೆ. ಗಂಟೆಗೆ ಸುಮಾರು 112 ಗಿಗಾಬೈಟ್. ಕಾರ್ಡ್, ಹಾರ್ಡ್ ಡಿಸ್ಕ್ ಮತ್ತು ವೇಗದ ಕಂಪ್ಯೂಟರ್‌ಗಳ ಖರ್ಚನ್ನು ಮೊದಲೇ ಲೆಕ್ಕ ಹಾಕುವುದು ಜಾಣತನ.

ಕೊರತೆಗಳು

ಇದಕ್ಕೆ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಉರಿಬಿಸಿಲಿನಲ್ಲಿ ಹಿಂಬದಿಯ ಪರದೆಯನ್ನೇ ನಂಬಬೇಕು. ಚಲನೆ ಸಹಜವಾಗಿ ಕಾಣಲು 25 ಫ್ರೇಮ್‌ಗೆ ಸೆಕೆಂಡಿನ 50ನೇ ಒಂದು ಭಾಗದ ಷಟರ್ ವೇಗ ಇಡುವುದು ವಾಡಿಕೆ. ಹಗಲಿನಲ್ಲಿ ಆಗ ಬೆಳಕು ಅತಿಯಾಗುತ್ತದೆ. ಅದನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಒಳಗೆ ಇಲ್ಲದ್ದರಿಂದ ಲೆನ್ಸ್‌ಗೆ ಪ್ರತ್ಯೇಕವಾಗಿ ಜೋಡಿಸಬೇಕು. ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೂ ನಡೆಯುತ್ತಾ ಚಿತ್ರೀಕರಿಸಲು ಅದೊಂದೇ ಸಾಲದು. ವೃತ್ತಿಪರ ಮೈಕ್‌ಗಳನ್ನು ನೇರವಾಗಿ ಜೋಡಿಸಬಲ್ಲ ಹಿಡಿಕೆ ಜೊತೆಯಲ್ಲೇ ಬರುವುದು ಮಾತ್ರ ಮೆಚ್ಚತಕ್ಕ ಅಂಶ.

ಯಾರಿಗೆ ಯೋಗ್ಯ?

ಫೋಟೋ ಮತ್ತು ವಿಡಿಯೋ ಎರಡನ್ನೂ ಸಮನಾಗಿ ಮಾಡುವವರಿಗೆ 33 ಮೆಗಾಪಿಕ್ಸೆಲ್‌ನ ಎ7 4 ಹೆಚ್ಚು ಉಪಯುಕ್ತ. ವಿಡಿಯೋ ಮಾತ್ರ ಸಾಕು, ಹಣ ಕಡಿಮೆ ಎನ್ನುವವರಿಗೆ 2022ರಲ್ಲಿ ಸುಮಾರು 1,800 ಡಾಲರ್‌ಗೆ ಬಂದ ಎಫ್‌ಎಕ್ಸ್30 ಇದೆ. ಅದರ ಸೆನ್ಸರ್ ಚಿಕ್ಕದು, ಆದರೆ ಫ್ಯಾನ್ ಮತ್ತು 10 ಬಿಟ್ ಎರಡೂ ಉಂಟು. ಮಂದ ಬೆಳಕಿನ ಸಭಾಂಗಣ, ದೀರ್ಘ ದಾಖಲೆ ಇವೇ ನಿತ್ಯದ ಕೆಲಸವಾಗಿದ್ದವರಿಗೆ ಎಫ್‌ಎಕ್ಸ್3ಕ್ಕೆ ತೆತ್ತ ಹಣ ವ್ಯರ್ಥವಾಗದು.

'ದಿ ಕ್ರಿಯೇಟರ್' ಚಿತ್ರದ ಹಿಂದೆ ಈ ಕ್ಯಾಮೆರಾದೊಂದಿಗೆ ಉತ್ತಮ ಲೆನ್ಸ್‌ಗಳೂ ನುರಿತ ತಂತ್ರಜ್ಞರೂ ಇದ್ದರೆಂಬುದನ್ನು ಮರೆಯಬಾರದು. ಯಾವುದೇ ವಿಡಿಯೋ ಕ್ಯಾಮೆರಾಗೆ ಹಣ ಕೊಡುವ ಮುನ್ನ ಅದನ್ನು ಒಂದು ಗಂಟೆ ನಿಲ್ಲಿಸದೆ ಓಡಿಸಿ, ಮಂದ ಬೆಳಕಿನ ಕೋಣೆಯಲ್ಲಿ ಚಿತ್ರೀಕರಿಸಿ, ಕಂಬವೊಂದರ ಮುಂದೆ ರಭಸವಾಗಿ ತಿರುಗಿಸಿ, ಫಲಿತಾಂಶವನ್ನು ದೊಡ್ಡ ಪರದೆಯ ಮೇಲೆ ನೋಡುವುದು ಒಳಿತು. ಪೆಟ್ಟಿಗೆಯ ಮೇಲೆ ಮುದ್ರಿಸಿದ ಮೆಗಾಪಿಕ್ಸೆಲ್ ಸಂಖ್ಯೆ ಹೇಳದಿರುವುದನ್ನು ಈ ಪರೀಕ್ಷೆ ಹೇಳುತ್ತದೆ.