ವಾಲ್ವಿನ ಹಿಂದಿನ ಬಲ

ಬಾಯ್ಲರಿನಲ್ಲಿ ನೀರಿನ ಮಟ್ಟ ಇಳಿದರೆ ಅಳೆದು ಹೇಳಲು ಉಪಕರಣವಿದೆ, ಎಷ್ಟು ನೀರು ಬಿಡಬೇಕೆಂದು ಲೆಕ್ಕ ಹಾಕಲು ಕಂಟ್ರೋಲರ್ ಇದೆ. ಕೊಳವೆಯಲ್ಲಿ ಕುಳಿತ ವಾಲ್ವನ್ನು ಕದಲಿಸುವ ಶಕ್ತಿ ಮಾತ್ರ ಇವೆರಡಕ್ಕೂ ಇಲ್ಲ. ಆ ಕೆಲಸ ಆಕ್ಚುಯೇಟರಿನದು. ಕಂಟ್ರೋಲರ್ ಕಳುಹಿಸುವುದು 4ರಿಂದ 20 ಮಿಲಿಆಂಪಿಯರ್‌ನಷ್ಟು ಅಲ್ಪ ವಿದ್ಯುತ್ತು. ಸೊನ್ನೆಯ ಬದಲು 4ರಿಂದ ಶುರುವಾಗುವುದರಲ್ಲಿ ಒಂದು ಜಾಣತನವಿದೆ: ಸಂಕೇತ ಸೊನ್ನೆಗೆ ಬಿದ್ದರೆ ತಂತಿ ತುಂಡಾಗಿದೆ ಎಂದು ತಿಳಿಯುತ್ತದೆ.

ತೈಲ ಶುದ್ಧೀಕರಣಾಗಾರ, ರಾಸಾಯನಿಕ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಕಾಣುವುದು ಗಾಳಿಯಿಂದ ನಡೆಯುವ ಡಯಾಫ್ರಾಮ್ ಆಕ್ಚುಯೇಟರ್. ಗಾಳಿ ಕಿಡಿ ಹಾರಿಸುವುದಿಲ್ಲ, ಹಾಗಾಗಿ ಬೆಂಕಿಯ ಭಯವಿರುವಲ್ಲಿ ಅದಕ್ಕೇ ಮಣೆ. ವಿದ್ಯುತ್ ಸಂಕೇತ ಮೊದಲು 0.2ರಿಂದ 1 ಬಾರ್‌ವರೆಗಿನ ಗಾಳಿಯ ಒತ್ತಡವಾಗಿ ಬದಲಾಗುತ್ತದೆ. ಈ ಗಾಳಿ ಬಟ್ಟಲಿನಾಕಾರದ ಕವಚದೊಳಗಿನ ರಬ್ಬರ್ ಪೊರೆಯನ್ನು ಒತ್ತುತ್ತದೆ. ಪೊರೆಯ ವಿಸ್ತೀರ್ಣ 600 ಚದರ ಸೆಂಟಿಮೀಟರ್ ಇದ್ದರೆ 1 ಬಾರ್ ಒತ್ತಡವೇ ಸುಮಾರು 600 ಕಿಲೋ ಭಾರದಷ್ಟು ಬಲ ಕೊಡುತ್ತದೆ. ಎದುರಿಗೆ ಸ್ಪ್ರಿಂಗ್ ತಡೆಯುತ್ತದೆ. ಎರಡೂ ಸರಿತೂಗಿದಲ್ಲಿ, ಪೊರೆಯನ್ನು ವಾಲ್ವಿಗೆ ಜೋಡಿಸುವ ದಂಡ ನಿಲ್ಲುತ್ತದೆ. ಇನ್ನೂ ಹೆಚ್ಚು ಬಲ ಬೇಕಾದಲ್ಲಿ ಎಣ್ಣೆಯ ಒತ್ತಡದ ಹೈಡ್ರಾಲಿಕ್ ಆಕ್ಚುಯೇಟರ್, ಗಾಳಿಯ ಕೊಳವೆ ಎಳೆಯಲಾಗದ ದೂರದಲ್ಲಿ ಮೋಟಾರು ಬರುತ್ತವೆ.

ಸ್ಪ್ರಿಂಗಿಗೆ ಇನ್ನೊಂದು ಹೊಣೆಯೂ ಇದೆ. ಕಂಪ್ರೆಸರ್ ಕೈಕೊಟ್ಟು ಗಾಳಿ ನಿಂತಾಗ ವಾಲ್ವನ್ನು ಅಪಾಯವಿಲ್ಲದ ಸ್ಥಿತಿಗೆ ತಳ್ಳುವುದು ಅದೇ. ಕುಲುಮೆಗೆ ಇಂಧನ ಬಿಡುವ ವಾಲ್ವು ಮುಚ್ಚಿಕೊಳ್ಳಬೇಕು, ಬಿಸಿಯೇರುವ ಪಾತ್ರೆಗೆ ತಣ್ಣೀರು ಬಿಡುವ ವಾಲ್ವು ತೆರೆದುಕೊಳ್ಳಬೇಕು. ಯಾವುದು ಹೇಗೆ ಎಂಬುದನ್ನು ಕಾರ್ಖಾನೆ ಕಟ್ಟುವ ಮೊದಲೇ ನಿರ್ಧರಿಸುತ್ತಾರೆ.

ನಿಜವಾದ ತೊಡಕು ಘರ್ಷಣೆಯದು. ದಂಡದ ಸುತ್ತ ಸೋರಿಕೆ ತಡೆಯಲು ತುಂಬಿದ ಪ್ಯಾಕಿಂಗ್ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲಿನ ಹಾಗೆ, ಮೆಲ್ಲಗೆ ತಳ್ಳಿದರೆ ಕದಲದು, ಜೋರು ಮಾಡಿದರೆ ಒಮ್ಮೆಲೇ ಬೇಕಾದ್ದಕ್ಕಿಂತ ಮುಂದೆ ಹೋಗುತ್ತದೆ. ಕಂಟ್ರೋಲರ್ ಅದನ್ನು ಹಿಂದಕ್ಕೆಳೆಯುತ್ತದೆ, ಮತ್ತೆ ಮುಂದಕ್ಕೆ ತಳ್ಳುತ್ತದೆ. ನೀರಿನ ಮಟ್ಟ ಏರಿಳಿಯುತ್ತಲೇ ಇರುತ್ತದೆ. ದೋಷ ಲೆಕ್ಕದಲ್ಲಿದೆಯೆಂದು ಕಂಟ್ರೋಲರನ್ನೇ ತಿದ್ದುತ್ತ ಕೂರುವವರು ಕಡಿಮೆಯಿಲ್ಲ. ಇದಕ್ಕೆ ಮದ್ದು ಪೊಸಿಷನರ್. ದಂಡ ಎಲ್ಲಿದೆ ಎಂದು ಅಳೆದು, ಆಜ್ಞೆಯೊಂದಿಗೆ ಹೋಲಿಸಿ, ದಂಡ ಅಲ್ಲಿಗೆ ಬರುವವರೆಗೆ ಗಾಳಿಯನ್ನು ಏರಿಸಿ ಇಳಿಸುತ್ತದೆ. ಅದರೊಳಗಿನ ರಂಧ್ರಗಳು ತೀರ ಸಣ್ಣವು. ಗಾಳಿಯಲ್ಲಿ ತೇವ, ಎಣ್ಣೆ, ದೂಳು ಸೇರಿದರೆ ಕಟ್ಟಿಕೊಳ್ಳುತ್ತವೆ. ಆದ್ದರಿಂದಲೇ ಉಪಕರಣಗಳ ಗಾಳಿಯನ್ನು ಒಣಗಿಸಿ, ಶೋಧಿಸಿ ಕೊಡುತ್ತಾರೆ.

ಆಜ್ಞೆ ಹೋಯಿತೆಂದರೆ ವಾಲ್ವು ಸರಿಯಿತೆಂದು ಅರ್ಥವಲ್ಲ. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಥ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಒತ್ತಡ ಇಳಿಸಲು ತೆರೆದುಕೊಂಡ ವಾಲ್ವು ಮತ್ತೆ ಮುಚ್ಚಿಕೊಳ್ಳಲಿಲ್ಲ. ನಿಯಂತ್ರಣ ಕೊಠಡಿಯ ದೀಪ ಮಾತ್ರ ಆರಿತು. ಆ ದೀಪ ತೋರಿಸುತ್ತಿದ್ದುದು ವಾಲ್ವನ್ನು ತೆರೆಯಿಸುವ ವಿದ್ಯುತ್ ಸುರುಳಿಗೆ, ಅಂದರೆ ಸೊಲೆನಾಯ್ಡಿಗೆ, ವಿದ್ಯುತ್ ಇದೆಯೇ ಇಲ್ಲವೇ ಎಂಬುದನ್ನಷ್ಟೇ. ವಾಲ್ವು ಮುಚ್ಚಿದೆಯೆಂದೇ ಸಿಬ್ಬಂದಿ ನಂಬಿದರು. ಎರಡು ತಾಸಿಗೂ ಹೆಚ್ಚು ಹೊತ್ತು ರಿಯಾಕ್ಟರನ್ನು ತಂಪಾಗಿಡುವ ನೀರು ಹೊರಹೋಯಿತು, ಅದರ ಒಡಲು ಭಾಗಶಃ ಕರಗಿತು.

ಮುಖ್ಯ ವಾಲ್ವುಗಳ ದಂಡಕ್ಕೇ ಲಿಮಿಟ್ ಸ್ವಿಚ್ ಕೂರಿಸಿ ಅವುಗಳ ನಿಜವಾದ ಸ್ಥಾನವನ್ನು ಕೊಠಡಿಗೆ ತಿಳಿಸುವುದು ಈ ಕಾರಣಕ್ಕೆ. ತುರ್ತಿಗೆಂದು ಇಟ್ಟು ವರ್ಷಗಟ್ಟಲೆ ಅಲುಗದೆ ನಿಂತ ವಾಲ್ವುಗಳ ಮೇಲೆ ಇನ್ನೊಂದು ಪರೀಕ್ಷೆಯಿದೆ: ಉತ್ಪಾದನೆ ನಿಲ್ಲಿಸದೆ, ಆಗಾಗ ಅವನ್ನು ತುಸುವೇ ಸರಿಸಿ ಹಿಂದಕ್ಕೆ ತಂದು, ಆಕ್ಚುಯೇಟರ್ ಅಂಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ.