ಹಾಳೆಯ ಎರಡು ಮಗ್ಗುಲು: ಮನೆಯ ಪ್ರಿಂಟರಿನ ತೊಡಕುಗಳೂ ಪರಿಹಾರಗಳೂ

ಪುಣೆಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಊರಿನಿಂದ ಬಂದ ವೃದ್ಧ ತಂದೆತಾಯಿಗಳು ಮಕ್ಕಳ ಬಳಿ ಇದ್ದು ಚಿಕಿತ್ಸೆ ಪಡೆಯುವುದುಂಟು. ವೈದ್ಯರ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಔಷಧಿ ಅಂಗಡಿಯವರ ಮಾತು ಮರಾಠಿಯಲ್ಲಿ. ಆದುದರಿಂದ ಯಾವ ಮಾತ್ರೆ, ಯಾವ ಹೊತ್ತಿಗೆ, ಊಟಕ್ಕೆ ಮುನ್ನವೋ ಅನಂತರವೋ ಎಂಬುದನ್ನು ಮನೆಯವರು ಕನ್ನಡದಲ್ಲಿ ಬೆರಳಚ್ಚು ಮಾಡಿ ಮುದ್ರಿಸಿ ಕೊಡುತ್ತಾರೆ. ಮುಂಬದಿಯಲ್ಲಿ ಬೆಳಗಿನ ಔಷಧಿ, ಹಿಂಬದಿಯಲ್ಲಿ ರಾತ್ರಿಯದು. ಹಿಂಬದಿ ತಲೆಕೆಳಗಾಗಿ ಬಂದರೆ ಓದುವವರಿಗೆ ತೊಂದರೆ. ಅಲ್ಲಿ ಬೇರೊಬ್ಬರ ಪುಟ ಅಚ್ಚಾಗಿದ್ದರೆ ಅಪಾಯ. ಆದಕಾರಣ ಉಭಯಮುಖ ಮುದ್ರಣದ ಮರ್ಮವನ್ನು ಅರಿತಿರುವುದು ಆರೋಗ್ಯದ ದೃಷ್ಟಿಯಿಂದಲೂ ಉಚಿತ.

ಪುಣೆಗೆ ಮುದ್ರಣಕಲೆ ಹೊಸದಲ್ಲ. ವಿಷ್ಣುಶಾಸ್ತ್ರಿ ಚಿಪಳೂಣಕರರು 1878ರಲ್ಲಿ ಚಿತ್ರಶಾಲಾ ಮುದ್ರಣಾಲಯವನ್ನು ಸ್ಥಾಪಿಸಿದುದು ಈ ನಗರದಲ್ಲಿಯೇ. ಅಂದಿನ ಯಂತ್ರಗಳಲ್ಲಿ ಒಂದು ಮಗ್ಗುಲನ್ನು ಅಚ್ಚೊತ್ತಿ, ಹಾಳೆಯನ್ನು ತಿರುವಿ, ಅಂಚಿಗೆ ಅಂಚು ಕೂಡುವಂತೆ ಮತ್ತೊಂದು ಮಗ್ಗುಲನ್ನು ಅಚ್ಚೊತ್ತುವುದು ಕೆಲಸಗಾರನ ಕೈಚಳಕವಾಗಿತ್ತು. ಇಂದಿನ ಪ್ರಿಂಟರು ಅದೇ ಕೆಲಸವನ್ನು ತನ್ನ ಹೊಟ್ಟೆಯೊಳಗೆ ಮಾಡುತ್ತದೆ.

ಯಂತ್ರವು ಹಾಳೆಯನ್ನು ತಿರುವುವ ಬಗೆ

ಲೇಸರ್ ಪ್ರಿಂಟರಿನಲ್ಲಿ ಟೋನರ್ ಎಂಬ ನುಣ್ಣನೆಯ ಪುಡಿ ಕಾಗದದ ಮೇಲೆ ಕುಳಿತು, ಬಿಸಿಯಾದ ರೋಲರುಗಳ ಒತ್ತಡಕ್ಕೆ ಕರಗಿ ಅಂಟಿಕೊಳ್ಳುತ್ತದೆ. ಒಂದು ಮಗ್ಗುಲು ಮುಗಿದೊಡನೆ ಹಾಳೆಯು ಹೊರಬೀಳುವಂತೆ ತೋರಿ ಅರ್ಧದಲ್ಲಿ ನಿಲ್ಲುತ್ತದೆ. ಆಗ ರೋಲರುಗಳು ಹಿಮ್ಮುಖವಾಗಿ ತಿರುಗಿ, ಅದನ್ನು ಬೇರೊಂದು ಹಾದಿಯಿಂದ ಒಳಗೆಳೆದು, ಎರಡನೆಯ ಮಗ್ಗುಲಿನ ಮುದ್ರಣಕ್ಕೆ ಕಳುಹಿಸುತ್ತವೆ. ಈ ಮರುಪ್ರಯಾಣದ ಸಾಧನಕ್ಕೆ ಡ್ಯುಪ್ಲೆಕ್ಸ್ ಎಂದು ಹೆಸರು. ಶಾಯಿಯ ಪ್ರಿಂಟರುಗಳಲ್ಲಿ ಮೊದಲ ಮಗ್ಗುಲಿನ ಶಾಯಿ ಒಣಗಲೆಂದು ಯಂತ್ರವು ಕೊಂಚ ಹೊತ್ತು ಸುಮ್ಮನಿರುವುದುಂಟು. ಅದು ದೋಷವಲ್ಲ, ಹಾಳೆಯನ್ನು ಎಳೆಯಬಾರದು.

ಒಂದೇ ಮಗ್ಗುಲು ಅಚ್ಚಾದರೆ

ಪ್ರಿಂಟರಿನಲ್ಲಿ ಡ್ಯುಪ್ಲೆಕ್ಸ್ ಸಾಧನವಿದ್ದರೂ ಕಂಪ್ಯೂಟರಿಗೆ ಆ ಸಂಗತಿ ತಿಳಿಯದಿರಬಹುದು. ಪ್ರಿಂಟರಿನ ಗುಣಲಕ್ಷಣಗಳ ಪುಟದಲ್ಲಿ ಆ ಸಾಧನ ಅಳವಟ್ಟಿದೆಯೆಂದು ಗುರುತು ಮಾಡಬೇಕು. ಇಲ್ಲವೇ ತಯಾರಕರ ಮೂಲ ಡ್ರೈವರನ್ನು ಹೊಸದಾಗಿ ಸ್ಥಾಪಿಸಬೇಕು. ಎರಡನೆಯದಾಗಿ ಕಾಗದದ ಅಳತೆ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಕಂಪ್ಯೂಟರಿನಲ್ಲಿ ಅಮೆರಿಕದ ಲೆಟರ್ ಅಳತೆ ಆಯ್ಕೆಯಾಗಿದ್ದರೆ ಯಂತ್ರವು ಗೊಂದಲಕ್ಕೀಡಾಗಬಹುದು. ಕಾಗದದ ಬಗೆಯನ್ನು ದಪ್ಪ ಕಾಗದ, ಲಕೋಟೆ ಅಥವಾ ಫೋಟೋ ಕಾಗದವೆಂದು ಆರಿಸಿದಾಗ ಅನೇಕ ಯಂತ್ರಗಳು ಎರಡನೆಯ ಮಗ್ಗುಲನ್ನು ಮುದ್ರಿಸಲೊಪ್ಪವು. ಮೂರನೆಯದು ಬಹಳ ಸರಳವಾದುದು: ಹಿಂಬದಿಯ ಮುಚ್ಚಳ ಅರೆತೆರೆದಿದ್ದರೆ ಕೆಲವು ಯಂತ್ರಗಳಲ್ಲಿ ಹಾಳೆಯು ಹಿಂದಿರುಗದೆ ಆ ಬಾಗಿಲಿನಿಂದಲೇ ಹೊರಹೋಗುತ್ತದೆ.

ಹಿಂಬದಿ ತಲೆಕೆಳಗಾದರೆ

ಇದು ಯಂತ್ರದ ತಪ್ಪಲ್ಲ, ಆಯ್ಕೆಯ ತಪ್ಪು. ಪುಸ್ತಕದಂತೆ ಪಕ್ಕಕ್ಕೆ ಮಗುಚುವ ನಿಲುವು ಹಾಳೆಗೆ 'ಉದ್ದನೆಯ ಅಂಚು' ಎಂಬ ಆಯ್ಕೆ ಬೇಕು. ಗೋಡೆಯ ಕ್ಯಾಲೆಂಡರಿನಂತೆ ಮೇಲಕ್ಕೆತ್ತಿ ನೋಡುವ ಹಾಳೆಗೆ 'ಗಿಡ್ಡನೆಯ ಅಂಚು'. ಮೊಳೆಗೆ ತೂಗುಹಾಕುವ ಔಷಧಿಪಟ್ಟಿಗೆ ಎರಡನೆಯದೇ ಸರಿ. ಅಡ್ಡಲಾಗಿ ಮುದ್ರಿಸುವ ಹಾಳೆಗೆ ಈ ನಿಯಮ ತಿರುವುಮುರುವು.

ಕಾಗದ ಸಿಕ್ಕಿಕೊಂಡರೆ

ಪುಣೆಯ ಮಳೆಗಾಲದಲ್ಲಿ, ಜೂನಿನಿಂದ ಸೆಪ್ಟೆಂಬರಿನವರೆಗೆ, ಈ ದೂರು ಹೆಚ್ಚು. ಕಾಗದವು ಗಾಳಿಯ ತೇವವನ್ನು ಹೀರುತ್ತದೆ. ಮೊದಲ ಸುತ್ತಿನ ಶಾಖಕ್ಕೆ ಆ ತೇವ ಆರಿ ಹಾಳೆ ಸುರುಳಿಗೊಳ್ಳುತ್ತದೆ. ಎರಡನೆಯ ಸುತ್ತಿನಲ್ಲಿ ಬಾಗಿದ ಅಂಚು ಹಾದಿಯಲ್ಲಿ ತಗಲಿಕೊಳ್ಳುತ್ತದೆ. ಕಟ್ಟನ್ನು ಹೊದಿಕೆಯೊಳಗೇ ಇಟ್ಟು, ಬೇಕಾದಷ್ಟನ್ನೇ ಟ್ರೇಗೆ ತುಂಬುವುದು ಒಳ್ಳೆಯದು. ಬೇಸಗೆಯ ಒಣಹವೆಯಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ಹಾಳೆಗಳು ಸ್ಥಾಯಿ ವಿದ್ಯುತ್ತಿನಿಂದ ಒಂದಕ್ಕೊಂದು ಅಂಟಿ, ಎರಡೆರಡಾಗಿ ಒಳಸೇರುತ್ತವೆ. ಮೊದಲೇ ಕಟ್ಟನ್ನು ಬಿಡಿಬಿಡಿಯಾಗಿ ಬಿದಿರಬೇಕು. ಅಪ್ಪಾ ಬಳವಂತ ಚೌಕದ ಅಂಗಡಿಗಳಲ್ಲಿ ಕಾಗದ ಕೊಳ್ಳುವಾಗ ಬೆಲೆಯೊಂದನ್ನೇ ನೋಡದೆ ತೂಕವನ್ನೂ ವಿಚಾರಿಸಬೇಕು. ಸಾಮಾನ್ಯ ಬಳಕೆಗೆ ಚದರ ಮೀಟರಿಗೆ 75 ಅಥವಾ 80 ಗ್ರಾಂ ತೂಕದ ಕಾಗದ ಸಾಕು. ತೀರ ತೆಳುವಾದುದರಲ್ಲಿ ಒಂದು ಮಗ್ಗುಲಿನ ಅಕ್ಷರ ಇನ್ನೊಂದಕ್ಕೆ ಕಾಣಿಸಿ, ಮಂದದೃಷ್ಟಿಯವರಿಗೆ ಓದುವುದು ಕಷ್ಟವಾಗುತ್ತದೆ.

ಸಿಕ್ಕಿದ ಹಾಳೆಯನ್ನು ತೆಗೆಯುವ ಮುನ್ನ ವಿದ್ಯುತ್ತನ್ನು ಆರಿಸಿ, ಯಂತ್ರ ತಣಿಯಲು ಬಿಡಬೇಕು. ಒಳಗಿನ ಬಿಸಿ ರೋಲರು ಕೈಸುಡುವಷ್ಟು ಕಾದಿರುತ್ತದೆ. ಎರಡೂ ಕೈಗಳಿಂದ ಮೆಲ್ಲನೆ, ಹಾಳೆ ಸಾಗುವ ದಿಕ್ಕಿನಲ್ಲಿಯೇ ಎಳೆಯಬೇಕು. ತೆಗೆದ ಹಾಳೆಯ ನಾಲ್ಕೂ ಮೂಲೆಗಳು ಇವೆಯೇ ಎಂದು ನೋಡತಕ್ಕದ್ದು. ಉಗುರಿನಷ್ಟು ಚೂರು ಒಳಗುಳಿದರೂ ಯಂತ್ರವು ಮತ್ತೆ ಮತ್ತೆ ಅದೇ ದೂರನ್ನು ಹೇಳುತ್ತದೆ. ಚೆಲ್ಲಿದ ಟೋನರ್ ಪುಡಿಯನ್ನು ಊದಬಾರದು, ಮನೆಬಳಕೆಯ ವ್ಯಾಕ್ಯೂಮ್ ಯಂತ್ರದಿಂದ ಹೀರಿಸಲೂ ಬಾರದು. ಅದು ಗಾಳಿಯಲ್ಲಿ ಹರಡಿ ಉಸಿರಿನೊಡನೆ ಒಳಸೇರುತ್ತದೆ. ಒದ್ದೆ ಬಟ್ಟೆಯಿಂದ ಒರಸಿ, ಕೈಯನ್ನು ತಣ್ಣೀರಿನಲ್ಲಿ ತೊಳೆಯುವುದು ಲೇಸು. ಬಿಸಿನೀರಿಗೆ ಪುಡಿ ಮೆತ್ತಿಕೊಳ್ಳುತ್ತದೆ.

ಕೈಯಿಂದ ತಿರುವುವಾಗ

ಡ್ಯುಪ್ಲೆಕ್ಸ್ ಇಲ್ಲದ ಯಂತ್ರದಲ್ಲಿ ಬೆಸಸಂಖ್ಯೆಯ ಪುಟಗಳನ್ನು ಮೊದಲು ಮುದ್ರಿಸಿ, ಹಾಳೆಗಳನ್ನು ತಿರುವಿಟ್ಟು ಸಮಸಂಖ್ಯೆಯವನ್ನು ಮುದ್ರಿಸುವುದು ರೂಢಿ. ಯಾವ ಮಗ್ಗುಲು ಮೇಲಿರಬೇಕೆಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಒಂದು ಹಾಳೆಯ ಮೇಲ್ಮಗ್ಗುಲಿಗೂ ಒಳಸೇರುವ ಅಂಚಿಗೂ ಪೆನ್ಸಿಲಿನಿಂದ ಗುರುತು ಹಾಕಿ ಒಮ್ಮೆ ಮುದ್ರಿಸಿ ನೋಡಿದರೆ ಸಂಶಯ ತೀರುತ್ತದೆ. ಒಟ್ಟು 5 ಪುಟಗಳಿದ್ದರೆ ಹಾಳೆಗಳು 3, ಹಿಂಬದಿಯ ಪುಟಗಳು 2 ಮಾತ್ರ. ಕೊನೆಯ ಹಾಳೆಯೇ ಮೊದಲು ಒಳಸೇರಿದರೆ 2ನೆಯ ಪುಟವು 5ರ ಬೆನ್ನಿಗೆ ಬೀಳುತ್ತದೆ. ನಡುವೆ ಎರಡು ಹಾಳೆಗಳು ಒಟ್ಟಿಗೆ ಹೋದರೆ ಅಲ್ಲಿಂದ ಮುಂದಿನ ಜೋಡಿಗಳೆಲ್ಲ ತಪ್ಪುತ್ತವೆ.

ಅತ್ಯಂತ ಎಚ್ಚರ ಬೇಕಾದುದು ಇಲ್ಲಿ

ಮನೆಯ ಇಬ್ಬರ ರಕ್ತಪರೀಕ್ಷೆಯ ವರದಿಗಳನ್ನು ಒಂದೇ ಕಡತವಾಗಿ ಜೋಡಿಸಿ ಮುದ್ರಿಸಿದರೆಂದುಕೊಳ್ಳಬಹುದು. ಮೊದಲನೆಯವರ ವರದಿ 3 ಪುಟಗಳಿದ್ದರೆ, ಎರಡನೆಯವರ ಮೊದಲ ಪುಟವು ಮೂರನೆಯ ಪುಟದ ಬೆನ್ನಿಗೆ ಅಚ್ಚಾಗುತ್ತದೆ. ಯಂತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಆದರೆ ಅತ್ತೆಯವರ ಸಕ್ಕರೆಯ ಅಂಕಿ ಮಾವನವರ ಹಾಳೆಯಲ್ಲಿದೆ. ಪ್ರತಿಯೊಬ್ಬರ ವರದಿಯನ್ನೂ ಬೇರೆಯಾಗಿ ಮುದ್ರಿಸುವುದೇ ಇದಕ್ಕೆ ಪರಿಹಾರ. ಜೋಡಿಸಲೇಬೇಕಾದರೆ ನಡುವೆ ಒಂದು ಖಾಲಿ ಪುಟವನ್ನು ಸೇರಿಸಬೇಕು.

ಎರಡು ಮಗ್ಗುಲಿನ ಹಾಳೆಯ ಅಡಿಯಲ್ಲಿ 'ಹಿಂಬದಿ ನೋಡಿ' ಎಂದೂ, ಪ್ರತಿ ಪುಟದ ತಲೆಯಲ್ಲಿ ರೋಗಿಯ ಹೆಸರು ಹಾಗೂ ಪುಟಸಂಖ್ಯೆಯನ್ನೂ ಬರೆಯುವುದು ಉತ್ತಮ ಪದ್ಧತಿ. ಆಸ್ಪತ್ರೆಯಲ್ಲಿ ಯಾರಾದರೂ ಮುಂಬದಿಯನ್ನಷ್ಟೇ ಜೆರಾಕ್ಸ್ ಮಾಡಿಸಿದರೆ ಉಳಿದರ್ಧ ಇದೆಯೆಂಬುದಾದರೂ ತಿಳಿಯುತ್ತದೆ. ಉಭಯಮುಖ ಮುದ್ರಣದಿಂದ ಕಾಗದ ಅರ್ಧಕ್ಕರ್ಧ ಉಳಿಯುತ್ತದೆ ಎಂಬುದು ನಿಜ. ಆದರೆ ಹಿರಿಯರ ತಲೆದಿಂಬಿನ ಬಳಿಯ ಔಷಧಿಪಟ್ಟಿಯ ಮಟ್ಟಿಗೆ, ದೊಡ್ಡ ಅಕ್ಷರಗಳಲ್ಲಿ ಒಂದೇ ಮಗ್ಗುಲಿಗೆ ಮುದ್ರಿಸಿದ ಎರಡು ಹಾಳೆಗಳು ದುಂದುಗಾರಿಕೆ ಎನಿಸಲಾರವು.