ಐವಿಎಫ್ ಫಾರಂಗೆ ಸಹಿ ಹಾಕುವ ಮುನ್ನ

ಹೃದಯದ ಡಾಕ್ಟರಿಗೆ ಮಕ್ಕಳಾಗುವ ಚಿಕಿತ್ಸೆಯ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಗರ್ಭಿಣಿಯ ಹೃದಯ ಮಾಮೂಲಿಗಿಂತ ಶೇ. 30ರಿಂದ 50ರಷ್ಟು ಹೆಚ್ಚು ರಕ್ತ ಪಂಪ್ ಮಾಡಬೇಕಾಗುತ್ತದೆ. ಅವಳಿ ಇದ್ದರೆ ಇನ್ನೂ ಹೆಚ್ಚು. ಅದಕ್ಕೇ ಒಳ್ಳೆಯ ಐವಿಎಫ್ ಕೇಂದ್ರದವರು ಚಿಕಿತ್ಸೆಗೆ ಮೊದಲೇ ಹೃದಯದ ತಪಾಸಣೆ ಮಾಡಿಸುತ್ತಾರೆ. ಮಾಡಿಸದವರೂ ಇದ್ದಾರೆ.

2019ರ ಸೆಪ್ಟೆಂಬರ್‌ನಲ್ಲಿ ಗುಂಟೂರಿನಲ್ಲಿ 70 ದಾಟಿದ ಮಹಿಳೆಯೊಬ್ಬರು ಐವಿಎಫ್ ಮೂಲಕ ಅವಳಿ ಹೆಣ್ಣುಮಕ್ಕಳನ್ನು ಹೆತ್ತರು. ಪತ್ರಿಕೆಗಳಿಗೆ ಅದು ದಾಖಲೆ. ಆ ವಯಸ್ಸಿನ ಹೃದಯದ ಮೇಲೆ ಅಷ್ಟು ಹೊರೆ ಹೊರಿಸಲು ವೈದ್ಯರು ಒಪ್ಪಿದ್ದಾದರೂ ಹೇಗೆ ಎಂಬುದು ನನ್ನ ಪ್ರಶ್ನೆ. ಈಗ 2021ರ ಎಆರ್‌ಟಿ ಕಾಯ್ದೆ ಇದೆ. ಹೆಂಡತಿಗೆ 21 ದಾಟಿರಬೇಕು, 50ರೊಳಗಿರಬೇಕು. ಗಂಡನಿಗೆ 21 ದಾಟಿ 55ರೊಳಗೆ. ಕೇಂದ್ರದ ಕಾನೂನಾದ್ದರಿಂದ ಮುಂಬೈಗೂ ಹೈದರಾಬಾದಿಗೂ ಒಂದೇ. "ಇಲ್ಲಿ ಆಗದಿದ್ದರೆ ಬೇರೆ ಊರಲ್ಲಿ ಮಾಡಿಸಿಕೊಡ್ತೀವಿ" ಎನ್ನುವ ಏಜೆಂಟರ ಹತ್ತಿರ ಹೋಗಲೇಬೇಡಿ.

ಹಾಗಂತ ವಯಸ್ಸು ಕಾನೂನಿನೊಳಗಿದ್ದರೆ ಸಾಲದು. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾಗಿರುವ ಹೆಣ್ಣುಮಕ್ಕಳು ನಮ್ಮಲ್ಲಿ ಇನ್ನೂ ಇದ್ದಾರೆ. 28ರ ಹುಡುಗಿ, ಮೆಟ್ಟಿಲು ಹತ್ತುತ್ತಾಳೆ, ನೀರಿನ ಕೊಡ ಎತ್ತುತ್ತಾಳೆ, ಏನೂ ಗೊತ್ತಾಗುವುದಿಲ್ಲ. ಗರ್ಭಿಣಿಯಾಗಿ ಐದಾರು ತಿಂಗಳಾದಾಗ ರಕ್ತದ ಒತ್ತಡ ಶ್ವಾಸಕೋಶಕ್ಕೆ ತಿರುಗಿ ನೀರು ತುಂಬಿಕೊಳ್ಳುತ್ತದೆ, ರಾತ್ರಿ ಮಲಗಲಾಗದೆ ಎದ್ದು ಕೂರುತ್ತಾಳೆ. ಒಂದು ಎಕೋ ಪರೀಕ್ಷೆ ಮೊದಲೇ ಮಾಡಿಸಿದ್ದರೆ, ಎಷ್ಟೋ ಮಂದಿಗೆ ಬಲೂನಿನಿಂದ ಕವಾಟ ಅಗಲಿಸಿ ಆಮೇಲೆ ಗರ್ಭಧಾರಣೆಗೆ ಹೋಗಬಹುದು. ಚಿಕಿತ್ಸೆಗೆ ಲಕ್ಷಗಟ್ಟಲೆ ಖರ್ಚು ಮಾಡುವವರು ಎಕೋಗೆ ಹಿಂಜರಿಯಬೇಡಿ.

"ಎರಡು ಮೂರು ಭ್ರೂಣ ಹಾಕೋಣ, ಒಂದಾದರೂ ನಿಲ್ಲುತ್ತೆ" ಎಂದರೆ, ಒಂದೇ ಯಾಕೆ ಸಾಲದು ಎಂದು ಕೇಳಿ. ಅವಳಿಯಲ್ಲಿ ಬಿಪಿ ಏರುವುದು, ದಿನ ತುಂಬುವ ಮುನ್ನ ಹೆರಿಗೆಯಾಗುವುದು ಹೆಚ್ಚು. ಅಂಡಾಣು ಬೆಳೆಸುವ ಇಂಜೆಕ್ಷನ್ ಆದ ಮೇಲೆ ಹೊಟ್ಟೆ ಉಬ್ಬಿ, ಉಸಿರು ಕಟ್ಟಿ, ಮೂತ್ರ ಕಡಿಮೆಯಾದರೆ, ಅಥವಾ ಒಂದೇ ಕಾಲು ಬಾತರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ಈ ಅಪಾಯವನ್ನು ಮೊದಲೇ ಬಿಡಿಸಿ ಹೇಳುವುದು ಕೇಂದ್ರದವರ ಕರ್ತವ್ಯ.

ಅಂಡಾಣು ದಾನಿಯದೂ ಒಂದು ಜೀವ. ಆಕೆಗೆ 23ರಿಂದ 35 ವರ್ಷ ಇರಬೇಕು, ಜೀವನದಲ್ಲಿ ಒಂದೇ ಸಲ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಆಕೆಯ ವಿಮೆಯ ಹೊಣೆ ನಿಮ್ಮದು. ಇನ್ನು, ಗಂಡು ಮಗುವೇ ಬೇಕೆಂದು ಆರಿಸಿಕೊಡುವುದು ಅಪರಾಧ. ಊರಿಂದ ಯಾರು ಎಷ್ಟೇ ಫೋನ್ ಮಾಡಲಿ.

ಫಾರಂ ಬಹುತೇಕ ಇಂಗ್ಲಿಷಿನಲ್ಲಿರುತ್ತದೆ. ಅಲ್ಲೇ ಕೂತು ಸಹಿ ಹಾಕಬೇಡಿ. ಮನೆಗೆ ತನ್ನಿ, ಗೊತ್ತಿರುವವರಿಂದ ಕನ್ನಡದಲ್ಲಿ ಹೇಳಿಸಿಕೊಂಡು ಇಬ್ಬರೂ ಕೇಳಿ. ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವ ತನಕ ಒಪ್ಪಿಗೆ ಹಿಂದೆಗೆದುಕೊಳ್ಳುವ ಹಕ್ಕು ನಿಮಗಿದೆ. ನಮ್ಮಂಥ ವಲಸೆಯವರಿಗೆ ಇನ್ನೊಂದು ಮಾತು: ಪುಣೆಯಲ್ಲಿ ಭ್ರೂಣ ಶೀತಲದಲ್ಲಿಟ್ಟಿರುತ್ತೀರಿ, ಅಷ್ಟರಲ್ಲಿ ಚೆನ್ನೈಗೆ ವರ್ಗವಾಗುತ್ತದೆ. ಎಷ್ಟು ವರ್ಷ ಇಡುತ್ತಾರೆ, ವರ್ಷಕ್ಕೆ ಎಷ್ಟು ಹಣ, ನಿಮ್ಮಲ್ಲೊಬ್ಬರಿಗೆ ಏನಾದರೂ ಆದರೆ ಅದನ್ನು ಏನು ಮಾಡುತ್ತಾರೆ ಎಂಬುದನ್ನು ಲಿಖಿತವಾಗಿ ಪಡೆದು, ಎಲ್ಲ ರಿಪೋರ್ಟಿನ ಪ್ರತಿಗಳೊಂದಿಗೆ ಒಂದೇ ಫೈಲಿನಲ್ಲಿಡಿ.